ಯಾರ ಮುಂದೆ ಹೇಳಿಕೊಳ್ಳುವುದು?

ಕಷ್ಟ ಬಂದರೆ ದೇವರ ಮುಂದೆ ಹೇಳಿಕೊ, ಮಂದಿಯ ಮುಂದೆ ಬಾಯಿ ಬಿಡಬೇಡ. ಕಾರ್ಕಳದ ನಮ್ಮ ಮನೆಯಲ್ಲಿ ಮದುವೆಯಾಗಿ ಹೋಗುವ ಹೆಣ್ಣುಮಕ್ಕಳಿಗೆಲ್ಲ ಹೇಳುತ್ತಿದ್ದ ಬುದ್ಧಿಮಾತು ಇದು. ನನಗೆ ಅಜ್ಜಿ ಹೇಳಿದರು. ಪುಣೆಗೆ ಬಂದು ಖಡಕಿಯಲ್ಲಿ ಸಂಸಾರ ಹೂಡಿದ ಮೇಲೆ ಬಹಳ ವರ್ಷ ಅದನ್ನು ವ್ರತದಂತೆ ಪಾಲಿಸಿದೆ. ಗಂಡ ಕುಡಿಯುತ್ತಿದ್ದರು. ರಾತ್ರಿ ನಡೆದದ್ದನ್ನೆಲ್ಲ ಬೆಳಿಗ್ಗೆ ದೀಪ ಹಚ್ಚಿ ದೇವರಿಗೆ ಒಪ್ಪಿಸಿ, ಬಾಗಿಲು ತೆಗೆದು ಹಾಲಿನವನ ಹತ್ತಿರ ಏನೂ ಆಗದವಳಂತೆ ಮಾತಾಡುತ್ತಿದ್ದೆ.

ದೇವರು ಕೇಳಿಸಿಕೊಳ್ಳಲಿಲ್ಲ ಎಂದು ನಾನು ಹೇಳುವುದಿಲ್ಲ. ಕೇಳಿಸಿಕೊಂಡ ಎಂದೇ ಇವತ್ತಿಗೂ ನಂಬಿದ್ದೇನೆ. ನನ್ನನ್ನು ಕಾಡಿದ ಪ್ರಶ್ನೆ ಬೇರೆ. ದೇವರಿಗೆ ಹೇಳಿದರೆ ಸಾಕು, ಮನುಷ್ಯರಿಗೆ ಹೇಳಿದರೆ ಭಕ್ತಿಗೂ ಕುಂದು ಮಾನಕ್ಕೂ ಕುಂದು ಎನ್ನುತ್ತಾರಲ್ಲ, ಅದಕ್ಕೆ ಧರ್ಮದಲ್ಲಿ ಆಧಾರ ಇದೆಯೆ?

ಭಾಗವತದಲ್ಲಿ ಪ್ರಹ್ಲಾದ ಅಪ್ಪನ ಮುಂದೆ ಒಂಬತ್ತು ಬಗೆಯ ಭಕ್ತಿಯನ್ನು ಎಣಿಸುತ್ತಾನೆ. ಮೊದಲನೆಯದು ಶ್ರವಣ, ಕೊನೆಯದು ಆತ್ಮನಿವೇದನ. ಅದರ ಹಿಂದಿನ ಮೆಟ್ಟಿಲು ಸಖ್ಯ. ಈ ಅನುಕ್ರಮವನ್ನು ನಾನು ನನ್ನ ಬದುಕಿಗೆ ಹಚ್ಚಿ ನೋಡಿದ್ದೇನೆ. ಕೇಳಿಸಿಕೊಳ್ಳುವುದರಿಂದ ಎಲ್ಲ ಶುರುವಾಗುತ್ತದೆ, ಸ್ನೇಹ ಕೂಡದೆ ತನ್ನನ್ನು ತೆರೆದಿಡುವ ಘಟ್ಟ ಬರುವುದಿಲ್ಲ. ಪಂಡಿತರು ಇದನ್ನು ಭಗವಂತನ ವಿಷಯದಲ್ಲೇ ಹೇಳಿದ್ದಾರೆ, ಗೊತ್ತು. ಆದರೆ ಒಬ್ಬ ಮನುಷ್ಯನ ಹತ್ತಿರವೂ ಸಖ್ಯ ಸಾಧಿಸಲಾಗದ ನಾನು ದೇವರ ಹತ್ತಿರ ಅದನ್ನು ಹೇಗೆ ಸಾಧಿಸಿಯೇನು?

ಈ ಊರಿನಲ್ಲಿ ಈ ವಿಚಾರ ಬಂದಾಗ ನನಗೆ ನೆನಪಾಗುವವರು ಪಂಡಿತಾ ರಮಾಬಾಯಿ. ಅವರು ನಮ್ಮ ಕಡೆಯವರು ಎಂಬುದು ಪುಣೆಯಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ, ಕಾರ್ಕಳದಲ್ಲೂ ಗೊತ್ತಿಲ್ಲ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಮಾಳದವರು. ಓದಲೆಂದು ಪುಣೆಗೆ ಬಂದಾಗ ಅವರ ಗುರುಗಳು ಪೇಶ್ವೆಯ ಹೆಂಡತಿಗೆ ಸಂಸ್ಕೃತ ಕಲಿಸುತ್ತಿದ್ದರು. ಅದನ್ನು ಕಂಡ ಹುಡುಗ ಮುಂದೆ ತನ್ನ ಹೆಂಡತಿಗೂ ಕಲಿಸಲು ಹೊರಟು, ಊರವರ ವಿರೋಧ ಕಟ್ಟಿಕೊಂಡು, ಘಟ್ಟದ ಗಂಗಾಮೂಲದ ಕಾಡಿಗೆ ಹೋಗಿ ನೆಲೆಸಿದ. 1858ರಲ್ಲಿ ರಮಾಬಾಯಿ ಹುಟ್ಟಿದ್ದು ಅಲ್ಲೇ. ಆಮೇಲೆ ಇಡೀ ಕುಟುಂಬ ಪುರಾಣ ಹೇಳುತ್ತ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯಿತು. 1874ರ ಸುಮಾರಿಗೆ ಬರ ಬಂತು. ಅಪ್ಪ ಹೋದರು, ಕೆಲವೇ ತಿಂಗಳಲ್ಲಿ ಅಮ್ಮ, ಹಿಂದೆಯೇ ಅಕ್ಕ.

ಅಮ್ಮನ ಕೊನೆಯ ದಿನಗಳ ಒಂದು ಸಂಗತಿಯನ್ನು ರಮಾಬಾಯಿ ತಾವೇ ಬರೆದಿದ್ದಾರೆ. ಹಸಿವಿನಿಂದ ಸಾಯುತ್ತಿದ್ದ ತಾಯಿ ಒಂದು ತುಂಡು ಸಜ್ಜೆ ರೊಟ್ಟಿ ಬೇಡಿದರು. ಮಗಳು ಪಕ್ಕದ ಮನೆಗೆ ಹೋಗಿ ನಿಂತಳು. ವೇದಶಾಸ್ತ್ರ ಬಲ್ಲ ಬ್ರಾಹ್ಮಣರ ಮಗಳು, ತಾನೇ ಸಾವಿರಾರು ಶ್ಲೋಕ ಬಾಯಿಪಾಠ ಮಾಡಿದವಳು. ರೊಟ್ಟಿ ಕೊಡಿ ಎಂಬಷ್ಟು ಮಾತು ಬಾಯಿಂದ ಹೊರಡಲಿಲ್ಲ. ತಡೆದ ಅಳು ಮೂಗಿನಿಂದ ನೀರಾಗಿ ಸುರಿಯಿತು. ಆ ಮನೆಯಾಕೆ ಮುಖ ನೋಡಿ ಅರ್ಥ ಮಾಡಿಕೊಂಡು ಒಳಗೆ ಕರೆದು ರೊಟ್ಟಿ ಕೊಟ್ಟಳು. ತಾಯಿ ತೀರಿಕೊಂಡಾಗ ಹೆಣ ಹೊರಲು ಜನ ಸಾಲದೆ ನಾಲ್ಕನೆಯ ಹೆಗಲು ಇವರದೇ ಆಯಿತು. ಕುಳ್ಳಗಿದ್ದುದರಿಂದ ಚಟ್ಟದ ಮೂಲೆಯನ್ನು ಹೆಗಲಿನ ಬದಲು ತಲೆಯ ಮೇಲೆ ಹೊತ್ತು ನಡೆದರು.

ಇಂಥ ಕಥೆಯನ್ನು ಜನ ಮುಚ್ಚಿಡುತ್ತಾರೆ. ಕಲ್ಕತ್ತೆಯ ವಿದ್ವಾಂಸರು ಸರಸ್ವತಿ ಎಂದು ಬಿರುದು ಕೊಟ್ಟ ಹೆಂಗಸಿಗೆ ಮುಚ್ಚಿಡಲು ಕಾರಣಗಳೂ ಇದ್ದವು. ಅವರು ಮುಚ್ಚಿಡಲಿಲ್ಲ. 1896–97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರ ಬಿದ್ದಿದೆ ಎಂದು ಕೇಳಿದಾಗ ಅವರಿಗೆ ಎದ್ದುಬಂದದ್ದು ತಮ್ಮದೇ ಹಸಿವು. ಹೊರಟುಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು, ಪುಣೆಯಿಂದ ದೌಂಡ್ ಕಡೆಯ ರೈಲುದಾರಿಯಲ್ಲಿರುವ ಕೇಡಗಾಂವ್‌ನ ಮುಕ್ತಿ ಎಂಬ ತಮ್ಮ ಆಶ್ರಯಧಾಮದಲ್ಲಿ ನೆಲೆ ಕೊಟ್ಟರು. ಆ ಹುಡುಗಿಯರಲ್ಲಿ ಎಷ್ಟೋ ಮಂದಿಗೆ ಬಾಯಿ ಕಟ್ಟಿಹೋಗಿದ್ದಿರಬೇಕು. ಅವರ ಎದುರು ನಿಂತ ಹೆಂಗಸಿಗೆ ಆ ಬಾಯಿ ಕಟ್ಟುವುದು ಏನೆಂದು ಸ್ವಂತ ಅನುಭವದಿಂದ ಗೊತ್ತಿತ್ತು. ಹೇಳಿಕೊಂಡ ಕಥೆಗೆ ಕೈಕಾಲು ಬರುವುದು ಹೀಗೆ ಎಂದು ನನಗನಿಸುತ್ತದೆ. ಹೇಳಿದವಳ ಎದೆ ಹಗುರಾಯಿತೋ ಇಲ್ಲವೋ, ಅದೇ ನೋವಿನಲ್ಲಿ ಬಿದ್ದ ಇನ್ನೊಬ್ಬಳ ಹತ್ತಿರ ಹೋಗುವ ಋಣ ಮಾತ್ರ ಅವಳ ಮೇಲೆ ಬೀಳುತ್ತದೆ.

ರಮಾಬಾಯಿಯವರ ಆತ್ಮಕಥನವನ್ನು ಓದುವಾಗ ನನಗೆ ಕಸಿವಿಸಿ ಆಗುವುದಿಲ್ಲ ಎಂದರೆ ಸುಳ್ಳಾದೀತು. 1883ರಲ್ಲಿ ಇಂಗ್ಲೆಂಡಿನಲ್ಲಿ ಅವರು ಕ್ರೈಸ್ತರಾದರು. 1907ರ ಬರಹವಂತೂ ತಮ್ಮ ಹೊಸ ನಂಬಿಕೆಗೆ ಸಾಕ್ಷಿ ಹೇಳಲೆಂದೇ ಬರೆದದ್ದು. ನಾನು ಪೂಜಿಸುವ ದೇವರುಗಳ ಬಗ್ಗೆ ಅದರಲ್ಲಿ ಕಠಿಣವಾದ ಮಾತುಗಳಿವೆ. 1893ರಲ್ಲಿ ಅವರ ಹೆಣ್ಣುಮಕ್ಕಳ ಶಾಲೆ ಶಾರದಾ ಸದನದ ಹುಡುಗಿಯರ ಮತಾಂತರದ ವಿಷಯದಲ್ಲಿ ಪುಣೆ ಹೊತ್ತಿ ಉರಿದಾಗ ರಾನಡೆ, ಭಂಡಾರ್ಕರರಂಥ ಹಿತೈಷಿಗಳೇ ಸಲಹಾ ಸಮಿತಿ ಬಿಟ್ಟು ಹೊರಬಂದರು. ರಮಾಬಾಯಿಯವರ ತೀರ್ಮಾನಗಳನ್ನು ನಾನು ಒಪ್ಪಬೇಕಾಗಿಲ್ಲ. ಸಜ್ಜೆ ರೊಟ್ಟಿಯ ಮಾತನ್ನು ಒಪ್ಪದೆ ಇರಲಾರೆ. ಮತ ಯಾವುದೇ ಇರಲಿ, ಹಸಿದವಳ ನಾಲಗೆ ಕಟ್ಟುವುದು ಒಂದೇ ರೀತಿ.

ಗಂಡನ ಕುಡಿತ ಕೈಮೀರಿದ ಮೇಲೆ ಡಾಕ್ಟರೊಬ್ಬರು ನನ್ನನ್ನು ಕುಡುಕರ ಮನೆಯವರ ಸಭೆಗೆ ಹೋಗಿ ಎಂದರು. ಪುಣೆಗೆ ಇದು ಹೊಸತಲ್ಲ. ಅನಿಲ್ ಅವಚಟ್ ಮತ್ತು ಅವರ ಹೆಂಡತಿ ಡಾ. ಅನಿತಾ ಅವಚಟ್ 1986ರಲ್ಲಿ ಯರವಡಾದಲ್ಲಿ ಮುಕ್ತಾಂಗಣ ಎಂಬ ವ್ಯಸನಮುಕ್ತಿ ಕೇಂದ್ರ ತೆರೆದಾಗಿನಿಂದ ವ್ಯಸನ ಎಂಬುದು ಇಲ್ಲಿ ಗುಸುಗುಸು ಮಾತಾಗಿ ಉಳಿದಿಲ್ಲ. ನಾನು ಹೋದದ್ದು ಬೇರೆ ಕಡೆ, ಪಿಂಪರಿಯ ಒಂದು ಚಿಕ್ಕ ಕೋಣೆಗೆ. ಅಲ್ಲಿ ಪ್ರವಚನ ಇರಲಿಲ್ಲ. ಯಾರೂ ಯಾರಿಗೂ ಬುದ್ಧಿ ಹೇಳುವಂತಿಲ್ಲ. ಒಬ್ಬರು ತಮ್ಮದನ್ನು ಹೇಳುತ್ತಾರೆ, ಉಳಿದವರು ಕೇಳುತ್ತಾರೆ, ಅಷ್ಟೆ. ಮರಾಠಿ, ಹಿಂದಿ ಎರಡರಲ್ಲೂ ಅದಕ್ಕೆ ಶೇರಿಂಗ್ ಎಂದೇ ಹೆಸರು.

ಈ ಪದ್ಧತಿಯ ಮೂಲ ಅಮೆರಿಕದ್ದು. 1935ರ ಮೇ ತಿಂಗಳಲ್ಲಿ ಓಹಾಯೋದ ಆಕ್ರನ್ ಎಂಬ ಊರಿನ ಹೋಟೆಲೊಂದರಲ್ಲಿ, ಹಿಡಿದು ಬಂದ ಕೆಲಸ ಕೆಟ್ಟು ಕುಡಿಯುವ ಆಸೆ ಎದ್ದು ನಿಂತಾಗ, ಕುಡಿತ ಬಿಟ್ಟಿದ್ದ ಬಿಲ್ ವಿಲ್ಸನ್ ಎಂಬಾತ ಬಾರಿನ ಕಡೆ ಹೋಗದೆ ಚರ್ಚುಗಳಿಗೆ ಫೋನು ಮಾಡಿ ಮಾತಾಡಲು ಇನ್ನೊಬ್ಬ ಕುಡುಕನನ್ನು ಹುಡುಕಿದ. ಸಿಕ್ಕಿದವರು ಬಾಬ್ ಸ್ಮಿತ್ ಎಂಬ ಸರ್ಜನ್. ಹದಿನೈದು ನಿಮಿಷ ಎಂದುಕೊಂಡಿದ್ದ ಮಾತು ಗಂಟೆಗಟ್ಟಲೆ ನಡೆಯಿತು. ಉಪದೇಶ ಮಾಡಿದವರನ್ನು ಆ ಡಾಕ್ಟರು ಬೇಕಾದಷ್ಟು ಕಂಡಿದ್ದರು. ತನ್ನ ಕಥೆ ಹೇಳಿಕೊಂಡವನನ್ನು ಕಂಡಿರಲಿಲ್ಲ. ಬಿಲ್ಲನ ಹೆಂಡತಿ ಲೋಯಿಸ್ 1951ರಲ್ಲಿ ಗೆಳತಿಯೊಬ್ಬಳ ಜೊತೆ ಸೇರಿ ಮನೆಯವರಿಗಾಗಿ ಅಲ್-ಅನಾನ್ ಶುರುಮಾಡಿದಳು.

ಪಿಂಪರಿಯ ಕೋಣೆಯಲ್ಲಿ ಹೇಳಿಕೊಂಡದ್ದರಿಂದ ನನ್ನ ಗಂಡ ಕುಡಿತ ಬಿಡಲಿಲ್ಲ. ಲಿವರ್ ಕೆಟ್ಟು ತೀರಿಕೊಂಡರು. ಹಾಗಾದರೆ ಏನು ಪ್ರಯೋಜನ ಎಂದು ತಂಗಿ ಕೇಳಿದಳು. ಆ ಕೊನೆಯ ವರ್ಷಗಳಲ್ಲಿ ನಾನು ಅವರನ್ನು ದ್ವೇಷಿಸದೆ ಅನ್ನ ಬಡಿಸಿದೆ, ಅವರ ಕೈ ಹಿಡಿದು ಆಸ್ಪತ್ರೆಯಲ್ಲಿ ಕೂತೆ. ಅಷ್ಟು ಪ್ರಯೋಜನವಾಯಿತು, ಅದು ಸಣ್ಣದಲ್ಲ.

ಮುಂದಿನದನ್ನು ಆ ಹೆಣ್ಣುಮಗಳ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ವಿಜಯಪುರ ಜಿಲ್ಲೆಯವಳು, ಗಂಡಹೆಂಡತಿ ಇಬ್ಬರೂ ಕಟ್ಟಡದ ಕೆಲಸಕ್ಕೆ ಬಂದವರು. ಸಭೆಯಲ್ಲಿ ವಾರಗಟ್ಟಲೆ ಮೂಲೆಯಲ್ಲಿ ಕೂತು ಹೋಗುತ್ತಿದ್ದಳು. ಉಗುರಿನ ಸಂದಿಯಲ್ಲಿ ಸಿಮೆಂಟು, ಮಡಿಲಲ್ಲಿ ಬುತ್ತಿಯ ಡಬ್ಬಿ. ಅದರ ಮುಚ್ಚಳವನ್ನು ತೆಗೆಯುವುದು, ಒತ್ತಿ ಹಾಕುವುದು, ಮತ್ತೆ ತೆಗೆಯುವುದು. ಮರಾಠಿ ಅರ್ಥವಾಗುತ್ತಿತ್ತು, ನೋವು ಹೇಳಿಕೊಳ್ಳುವಷ್ಟು ಬರುತ್ತಿರಲಿಲ್ಲ. ಒಂದು ದಿನ ಸಭೆ ಮುಗಿದ ಮೇಲೆ ಮೆಟ್ಟಿಲ ಮೇಲೆ ಕೂತು ನಾನೇ ನನ್ನದನ್ನು ಕನ್ನಡದಲ್ಲಿ ಹೇಳಿದೆ. ಅವಳನ್ನು ಏನೂ ಕೇಳಲಿಲ್ಲ. ಸಂಬಳದ ದಿನ ಗೇಟಿನ ಹತ್ತಿರ ಕಾಯುತ್ತಿದ್ದದ್ದು, ಮಗಳ ಫೀಸಿನ ಹಣವನ್ನು ಅಕ್ಕಿಡಬ್ಬದಲ್ಲಿ ಬಚ್ಚಿಟ್ಟದ್ದು. ಅಕ್ಕಿಡಬ್ಬದ ಮಾತಿಗೆ ಅವಳ ಕೈ ನಿಂತಿತು. "ಯಕ್ಕಾ, ನಂದೂ ಹಂಗ ಐತ್ರಿ. ನಾ ಜ್ವಾಳದ ಹಿಟ್ಟಿನ್ಯಾಗ ಇಡ್ತಿದ್ದೆ" ಎಂದಳು. ಆಮೇಲೆ ಕತ್ತಲಾಗುವವರೆಗೆ ಅವಳೇ ಹೇಳಿದಳು.

ಕಿಸಾಗೋತಮಿಯ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಸತ್ತ ಕೂಸನ್ನು ಹೊತ್ತು ಬಂದವಳನ್ನು ಬುದ್ಧ ಸಾವಿಲ್ಲದ ಮನೆಯ ಸಾಸಿವೆ ತಾ ಎಂದು ಕಳಿಸಿದ. ಸಾವು ಎಲ್ಲರಿಗೂ ಇದೆ ಎಂಬ ಪಾಠ ಅದರದೆಂದು ಪುಸ್ತಕಗಳು ಹೇಳುತ್ತವೆ. ಅಷ್ಟನ್ನೇ ಹೇಳಬೇಕಿದ್ದರೆ ಬುದ್ಧ ಕೂತಲ್ಲೇ ಹೇಳಬಹುದಿತ್ತು. ಶ್ರಾವಸ್ತಿಯ ಬಾಗಿಲು ಬಾಗಿಲಿಗೆ ಅವಳನ್ನು ಯಾಕೆ ನಡೆಸಿದ? ಒಂದೊಂದು ಹೊಸ್ತಿಲಲ್ಲೂ ಒಬ್ಬ ಅತ್ತೆ, ಒಬ್ಬ ಸೊಸೆ, ಒಬ್ಬ ಮುದುಕ ತಮ್ಮ ಮನೆಯಿಂದ ಹೋದವರ ಹೆಸರು ಹೇಳಿರಬೇಕು. ಅವಳು ಕೇಳಿಸಿಕೊಂಡಿರಬೇಕು. ಸಂಜೆಯ ಹೊತ್ತಿಗೆ ಅವಳು ಕೂಸನ್ನು ಕೆಳಗಿಡಲು ಸಾಧ್ಯವಾದದ್ದು ತತ್ತ್ವ ತಿಳಿದದ್ದರಿಂದ ಮಾತ್ರ ಎಂದು ನನಗೆ ಅನ್ನಿಸುವುದಿಲ್ಲ. ಊರಿಗೆ ಊರೇ ಅವಳ ಜೊತೆ ಮಾತಾಡಿತ್ತು.

ಹೇಳಿಕೊಳ್ಳುವುದರಲ್ಲಿ ಅಪಾಯವೂ ಇದೆ, ಅಜ್ಜಿ ಹೆದರಿದ್ದು ಸುಮ್ಮನೆ ಅಲ್ಲ. ನಿಮ್ಮ ಮಾತನ್ನು ನಾಳೆ ನಿಮ್ಮ ಮೇಲೆಯೇ ತಿರುಗಿಸುವವರಿದ್ದಾರೆ. ಟಿವಿಯ ಮುಂದೆ ಅಳಿಸಿ ಚಪ್ಪಾಳೆ ಹೊಡೆಸುವವರಿದ್ದಾರೆ. ಇನ್ನೊಂದು ಬಗೆ, ಕೆದಕಿ ಪರೀಕ್ಷಿಸುವುದು. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮ ಸಭೆಯಲ್ಲಿ ನಿಲ್ಲಿಸಿ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದ್ದನ್ನು ಶೂನ್ಯಸಂಪಾದನೆ ವಿಸ್ತಾರವಾಗಿ ಹೇಳುತ್ತದೆ. ಅಕ್ಕನಿಗೆ ಅದನ್ನು ಎದುರಿಸುವ ಶಕ್ತಿ ಇತ್ತು. ಹಿಟ್ಟಿನ ಡಬ್ಬದಲ್ಲಿ ಹಣ ಬಚ್ಚಿಟ್ಟವಳಿಂದ ಆ ಶಕ್ತಿಯನ್ನು ಬೇಡಬಾರದು. ಯಾಕೆ ಬಿಟ್ಟು ಹೋಗಲಿಲ್ಲ, ಮೊದಲೇ ಯಾಕೆ ಹೇಳಲಿಲ್ಲ ಎಂಬ ಎರಡು ಪ್ರಶ್ನೆ ಸಾಕು, ತೆರೆದ ಬಾಯಿ ಮತ್ತೆ ಮುಚ್ಚಲು. ಕೇಳುವವರು ಮೊದಲು ತಮ್ಮದನ್ನು ಮುಂದಿಡಬೇಕು. ಕೋಣೆಯ ಮಾತು ಕೋಣೆಯಲ್ಲೇ ಉಳಿಯಬೇಕು. ಹೇಳಲಾರೆ ಎನ್ನುವವರಿಗೆ ಸುಮ್ಮನೆ ಕೂರಲು ಜಾಗ ಇರಬೇಕು, ವಾರಗಟ್ಟಲೆ ಬೇಕಾದರೂ.

ಪಿಂಪರಿ-ಚಿಂಚವಾಡದ ಕಟ್ಟಡಗಳ ಮೇಲೆ ಕಲ್ಲುಮಣ್ಣು ಹೊರುವವರಲ್ಲಿ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯವರು ತುಂಬ. ಅವರ ಶೆಡ್ಡುಗಳಲ್ಲಿ ಕುಡಿತವೂ ತುಂಬ. ಹೆಂಗಸರು ಜಗಳವಾಡುವುದು ಕನ್ನಡದಲ್ಲಿ, ಕನಸು ಕಾಣುವುದು ಕನ್ನಡದಲ್ಲಿ. ನಾವು ಮೂವರು ಸೇರಿ ಕನ್ನಡದ್ದೇ ಒಂದು ಸಭೆ ನಡೆಸಲು ಜಾಗ ನೋಡುತ್ತಿದ್ದೇವೆ. ದೇವಸ್ಥಾನದವರು ಭಜನೆಗಾದರೆ ಕೋಣೆ ಕೊಡುತ್ತೇವೆ, ಇಂಥದ್ದಕ್ಕೆ ಕೊಡುವುದು ಹೇಗೆ ಎಂದರು. ಮುಂದಿನ ವಾರ ಮತ್ತೆ ಹೋಗಿ ಅವರ ಹತ್ತಿರ ಪ್ರಹ್ಲಾದನ ಪಟ್ಟಿಯನ್ನೇ ಹೇಳುವವಳಿದ್ದೇನೆ. ವಿಜಯಪುರದವಳೂ ಜೊತೆಗೆ ಬರುತ್ತೇನೆ ಎಂದಿದ್ದಾಳೆ.