ಫೋಟೋದಲ್ಲಿ ಇಲ್ಲದವರ ಹೆಸರು

ಶಾಲೆಯ ವಾರ್ಷಿಕ ಸಂಚಿಕೆಗೆ ತಂಡ ಕಟ್ಟುವುದು ಮೇಲ್ನೋಟಕ್ಕೆ ಕೆಲಸ ಹಂಚುವ ವಿಷಯ. ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡಬಲ್ಲವರು ಇಬ್ಬರು, ಚಿತ್ರ ಬರೆಯುವವರು ಒಬ್ಬರು, ಮೇಷ್ಟ್ರುಗಳ ಬೆನ್ನು ಹತ್ತಿ ಲೇಖನ ತರುವ ಗಟ್ಟಿಗಿತ್ತಿ ಒಬ್ಬಳು. ಮುಕ್ಕುಂದದ ಕಡೆಯ ಹತ್ತನೇ ತರಗತಿಯ ಮಕ್ಕಳ ಜೊತೆ ಕೂತಾಗ ಇದೆಲ್ಲ ಅರ್ಧ ಗಂಟೆಯಲ್ಲಿ ಮುಗಿಯಿತು. ಎಳೆದಾಡಿಸಿದ್ದು ಪುಟಗಳ ಲೆಕ್ಕ.

ನಡುವೆ ಪಿನ್ ಹೊಡೆಯುವ ಪುಸ್ತಕದ ಪುಟಗಳು 4ರ ಲೆಕ್ಕದಲ್ಲೇ ಹೆಚ್ಚಬೇಕು. ಮಡಚಿದ ಒಂದು ಹಾಳೆ ಎಂದರೆ 4 ಪುಟ. ನಮಗೆ ಸಿಕ್ಕಿದ್ದು 32. ಸಂದೇಶಗಳಿಗೆ 3, ಜಾಹೀರಾತಿಗೆ 6 ಹೋದವು. ಖರ್ಚು ಕೊಡುವವರು ರೈಸ್ ಮಿಲ್ಲಿನವರು, ಬೀಜ-ಗೊಬ್ಬರದ ಅಂಗಡಿಯವರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಸಿಂಧನೂರು ಸೀಮೆಯಲ್ಲಿ ಇನ್ಯಾರು ಕೊಟ್ಟಾರು? ಅವರಿಗೆ ಪೂರ್ತಿ ಪುಟ, ಅದೂ ಬಣ್ಣದಲ್ಲಿ. ಅದಕ್ಕೆ ಯಾರ ತಕರಾರೂ ಇರಲಿಲ್ಲ. ತಕರಾರು ಬಂದದ್ದು ಒಂದೇ ಒಂದು ಸಾಲಿನ ಜಾಗಕ್ಕೆ.

ತರಗತಿಯ ಗುಂಪು ಫೋಟೋ ತೆಗೆದದ್ದು ಫೆಬ್ರವರಿಯಲ್ಲಿ. ಜೂನ್ ತಿಂಗಳ ಹಾಜರಿ ಪುಸ್ತಕದಲ್ಲಿದ್ದ ಮೂವರು ಅಷ್ಟರಲ್ಲಿ ಇರಲಿಲ್ಲ. ಒಬ್ಬ ಮನೆಯವರ ಜೊತೆ ಬೆಂಗಳೂರಿಗೆ ಗುಳೆ ಹೋಗಿದ್ದ. ಇನ್ನೊಬ್ಬ ಹತ್ತಿ ಬಿಡಿಸಲು ಹೋದವನು ಶಾಲೆಗೆ ಮರಳಲಿಲ್ಲ. ಮೂರನೆಯವಳ ಬಗ್ಗೆ ಯಾರೂ ಜೋರಾಗಿ ಮಾತಾಡಲಿಲ್ಲ. ಫೋಟೋದ ಕೆಳಗೆ ಇವರ ಹೆಸರು ಬೇಕೇ? "ಫೋಟೋದಾಗ ಇಲ್ಲ ಖರೆ, ಆದ್ರ ವರ್ಷದಾಗ ಇದ್ರಲ್ಲ" ಎಂದಳು ಸಂಪಾದಕಿ.

ವಾರ್ಷಿಕ ಸಂಚಿಕೆ ಯಾರ ದಾಖಲೆ? ವರ್ಷ ಮುಗಿಸಿದವರದೋ, ಇಡೀ ವರ್ಷದ್ದೋ? ಮುಗಿಸಿದವರದ್ದಷ್ಟೇ ಆದರೆ ಅದು ಫಲಿತಾಂಶ ಪಟ್ಟಿಯ ಇನ್ನೊಂದು ರೂಪ. ಅದಕ್ಕೆ ಮಕ್ಕಳ ತಂಡವೇಕೆ?

ಹೆಸರಿನ ಬೆಲೆ ಏನೆಂದು ತಿಳಿಯಲು ನಮ್ಮ ಸೀಮೆಯವರು ದೂರ ಹೋಗಬೇಕಿಲ್ಲ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಬಂಡೆಯ ಮೇಲೆ ಶಾಸನವೊಂದನ್ನು ಕಂಡ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ'ದಂಥ ಬಿರುದುಗಳಷ್ಟೇ ಇದ್ದವು. ಮಸ್ಕಿಯಲ್ಲಿ ಅಶೋಕ ಎಂಬ ಹೆಸರೇ ಇತ್ತು. ಆದರೆ ನನಗೆ ಹೆಚ್ಚು ಪ್ರಿಯವಾದದ್ದು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನ. ರಾಜಾಜ್ಞೆ ಮುಗಿದ ಮೇಲೆ, ಬರೆದವನು ಚಪಡ ಎಂದು ಲಿಪಿಕಾರನ ಹೆಸರೂ ಅಲ್ಲಿದೆ. ಚಪಡನಿಗೂ ನಮ್ಮ ತಂಡಕ್ಕೂ ಒಂದು ವ್ಯತ್ಯಾಸವುಂಟು. ಅವನು ಬರೆದದ್ದು ತನ್ನ ಹೆಸರು. ನಾವು ಬರೆಯಹೊರಟದ್ದು ಬೇರೆಯವರದು.

'ನಡುವೆ ಬಿಟ್ಟವರು' ಎಂಬ ತಲೆಬರಹದಡಿ ಹಾಕೋಣ ಎಂದ ಒಬ್ಬ ಹುಡುಗ. ಸುಳ್ಳೇನಲ್ಲ. ಆದರೆ ಉಳಿದವರ ಹೆಸರಿನ ಮುಂದೆ ಅವರ ಅಂಕಗಳನ್ನು ಹಾಕದ ನಾವು, ಇವರ ನೆತ್ತಿಯ ಮೇಲೆ ಮಾತ್ರ ಇಂಥ ಪಟ್ಟಿ ಅಂಟಿಸುವುದು ಯಾವ ನ್ಯಾಯ? ಆ ಪುಸ್ತಕ ಮೂವತ್ತು ವರ್ಷ ಮನೆಮನೆಯ ಟ್ರಂಕಿನಲ್ಲಿರುತ್ತದೆ. ಕೊನೆಗೆ ಹಾಜರಿಯ ಕ್ರಮದಲ್ಲೇ, ಯಾವ ಗುರುತೂ ಇಲ್ಲದೆ, ಎಲ್ಲರ ನಡುವೆ ಇವರ ಹೆಸರನ್ನೂ ಹಾಕುವುದೆಂದಾಯಿತು. ಅದೂ ಅವರನ್ನು ಕೇಳಿದ ಮೇಲೆ.

ಹುಡುಗರಿಬ್ಬರೂ ಫೋನಿನಲ್ಲಿ ಒಪ್ಪಿದರು. ಬೆಂಗಳೂರಿನವನು, ನನಗೊಂದು ಪುಸ್ತಕ ಎತ್ತಿಡಿ ಎಂದ. ಹುಡುಗಿಯ ಮನೆಯವರು ಬೇಡ ಎಂದರು. ಅವಳ ಕೈಗೆ ಫೋನ್ ಕೊಡಲಿಲ್ಲ.

ಅವಳು ಬೇಡ ಅಂದಿಲ್ಲವಲ್ಲ, ಹಾಕೋಣ ಎಂದು ಮಕ್ಕಳು ವಾದಿಸಿದರು. ವಾದ ಸರಿಯೇ. ಆದರೆ ಹಾಕಿದ್ದರ ಫಲ ಉಣ್ಣುವವರು ನಾವಲ್ಲ, ಆ ಮನೆಯಲ್ಲಿರುವ ಅವಳು. ನಮ್ಮ ಧೈರ್ಯಕ್ಕೆ ಅವಳು ಬೆಲೆ ತೆರುವಂತಾಗಬಾರದು. ಹಾಗಂತ ಬಿಟ್ಟದ್ದನ್ನು ಅವಳ ಇಚ್ಛೆಗೆ ಕೊಟ್ಟ ಗೌರವ ಎಂದು ಕರೆಯಲೂ ನಾನು ತಯಾರಿಲ್ಲ. ಅವಳ ಇಚ್ಛೆ ಏನೆಂದು ಯಾರೂ ಕೇಳಿಸಿಕೊಂಡಿಲ್ಲ. ಮನೆಯವರು ಶುರುಮಾಡಿದ ಅಳಿಸುವಿಕೆಗೆ ನಮ್ಮ ಕೈಯೂ ಸೇರಿತು. ಅದನ್ನು ತಿಳಿದೇ ಬಿಟ್ಟೆವು.

ಸಂಪಾದಕಿ ಫೋಟೋದ ಮೇಲೊಂದು ಸಾಲು ಸೇರಿಸಿದಳು: 'ಜೂನ್‌ನಲ್ಲಿ ನಾವು 43 ಮಂದಿ.' ಕೆಳಗೆ 42 ಹೆಸರು. ಪ್ರೂಫ್ ನೋಡಿದ ಮೇಷ್ಟ್ರು ಲೆಕ್ಕ ತಪ್ಪಿದೆಯೆಂದು ಕೆಂಪು ಪೆನ್ನಿನಲ್ಲಿ ಸುತ್ತುಹಾಕಿದರು. ಅವಳು ಆ ಸುತ್ತನ್ನು ಹೊಡೆದುಹಾಕಿ, ಪುಟವನ್ನು ಹಾಗೇ ಪ್ರೆಸ್ಸಿಗೆ ಕಳಿಸಿದಳು.