ಬಿಟ್ಟುಹೋದವನ ಮೇಲಿನ ಸಿಟ್ಟು

2016ರ ಜುಲೈ 26ರಂದು ಯುವೆಂಟಸ್ ಫುಟ್‌ಬಾಲ್ ಕ್ಲಬ್ಬು ನೇಪಲ್ಸಿನ ನಾಪೊಲಿ ತಂಡದಿಂದ ಗೊನ್ಸಾಲೊ ಹಿಗ್ವಾಯಿನ್‌ನನ್ನು ಕೊಂಡಿರುವುದಾಗಿ ಪ್ರಕಟಿಸಿತು. ಬೆಲೆ 9 ಕೋಟಿ ಯೂರೊ. ಇಟಲಿಯ ಲೀಗಿನಲ್ಲಿ ಅದುವರೆಗೆ ಯಾವ ಆಟಗಾರನಿಗೂ ಅಷ್ಟು ಹಣ ಸುರಿದಿರಲಿಲ್ಲ. ನೇಪಲ್ಸಿನ ಬೀದಿಗಳಲ್ಲಿ ಅವನ ಹೆಸರು ಹೊತ್ತ ತಿಳಿನೀಲಿ ಅಂಗಿಗಳಿಗೆ ಬೆಂಕಿ ಬಿತ್ತು. ಕೆಲವು ಕಸದ ತೊಟ್ಟಿ ಸೇರಿದವು. ಎರಡು ತಿಂಗಳ ಹಿಂದಷ್ಟೇ, ಮೇ 14ರಂದು, ಅದೇ ಊರಿನ ಸಾನ್ ಪಾವೊಲೊ ಕ್ರೀಡಾಂಗಣದಲ್ಲಿ ಫ್ರೊಸಿನೋನೆ ವಿರುದ್ಧ ಅವನು ಮೂರು ಗೋಲು ಹೊಡೆದಿದ್ದ. ಮೂರನೆಯದನ್ನು ಗೋಲಿಗೆ ಬೆನ್ನು ಹಾಕಿ, ಚಿಮ್ಮಿ, ಕಾಲನ್ನು ಆಕಾಶಕ್ಕೆತ್ತಿ ಒದ್ದಿದ್ದ. ಆ ಋತುವಿನ ಲೀಗ್‌ನಲ್ಲಿ ಅದು ಅವನ 36ನೇ ಗೋಲು. ಮಿಲಾನಿನ ಗುನ್ನಾರ್ ನೋರ್ಡಾಲ್ 1949-50ರಲ್ಲಿ ಬರೆದಿದ್ದ 35ರ ದಾಖಲೆ ಅಂದು ಅಳಿಯಿತು. ಇಡೀ ಕ್ರೀಡಾಂಗಣ ಅತ್ತಿತು, ಕುಣಿಯಿತು.

ಮೇ ತಿಂಗಳಲ್ಲಿ ಅತ್ತವರೇ ಜುಲೈಯಲ್ಲಿ ಶಪಿಸಿದರು. ಜನ ಚಂಚಲ, ಆಟದ ಹುಚ್ಚು ಅಷ್ಟೇ, ಎಂದು ಹೇಳಿ ಮುಂದೆ ಹೋಗುವವರಿದ್ದಾರೆ. ನನಗೆ ಹಾಗೆ ಹೋಗಲು ಆಗುವುದಿಲ್ಲ. 1990ರ ಜುಲೈ 3ರಂದು, ಇದೇ ಸಾನ್ ಪಾವೊಲೊದಲ್ಲಿ ನಡೆದ ಇಟಲಿ-ಅರ್ಜೆಂಟೀನಾ ಸೆಮಿಫೈನಲನ್ನು ದೂರದರ್ಶನದಲ್ಲಿ ನೋಡಿದಾಗಿನಿಂದ ನಾನು ಆ ಊರಿನ ತಂಡದ ಕಡೆಯವನು. ನಿಮ್ಮನ್ನು ಕೀಳಾಗಿ ಕಾಣುವ ಇಟಲಿಗಿಂತ ನನ್ನ ಪಕ್ಕದಲ್ಲಿ ನಿಲ್ಲಿ ಎಂದು ಅರ್ಜೆಂಟೀನಾದವನೂ ಆಗ ನಾಪೊಲಿಯ ಆಟಗಾರನೂ ಆಗಿದ್ದ ಮರಡೋನಾ ನೇಪಲ್ಸಿನವರನ್ನು ಕೇಳಿಕೊಂಡಿದ್ದ. ದೇಶವೋ ದೇವರೋ ಎಂದು ಒಂದು ಊರು ಸಂಕಟಪಟ್ಟ ಆ ರಾತ್ರಿ ನನ್ನನ್ನು ಹಿಡಿದದ್ದು ಮತ್ತೆ ಬಿಟ್ಟಿಲ್ಲ. ಹಾಗಾಗಿ 2016ರ ಆ ಸಿಟ್ಟು ನನ್ನದೂ ಹೌದು. ಆ ಸಿಟ್ಟು ಏನು ಎಂಬ ಪ್ರಶ್ನೆಯೂ ನನ್ನದೇ. ಹಳೆಯ ಪ್ರೀತಿಯೇ ಬಣ್ಣ ಬದಲಿಸಿ ಬಂದದ್ದೋ, ಅಥವಾ ಪ್ರೀತಿಗೆ ಸಂಬಂಧವೇ ಇಲ್ಲದ ಇನ್ನೊಂದೋ?

ನೇಪಲ್ಸಿನವರಿಗೆ ತಮ್ಮ ದೇವಮಾನವರನ್ನು ಬೈಯುವ ಅಭ್ಯಾಸ ಶತಮಾನಗಳಷ್ಟು ಹಳೆಯದು. ಊರಿನ ಪ್ರಧಾನ ಚರ್ಚಿನಲ್ಲಿ ಸಂತ ಜೆನ್ನಾರೊನದೆಂದು ನಂಬಿರುವ ಒಣಗಿದ ರಕ್ತ ಗಾಜಿನ ಕುಪ್ಪಿಯಲ್ಲಿದೆ. ವರ್ಷಕ್ಕೆ ಮೂರು ಸಲ, ಮೇ ತಿಂಗಳ ಆರಂಭಕ್ಕೊಮ್ಮೆ, ಸೆಪ್ಟೆಂಬರ್ 19ಕ್ಕೊಮ್ಮೆ, ಡಿಸೆಂಬರ್ 16ಕ್ಕೊಮ್ಮೆ, ಅದು ಕರಗಿ ಹರಿಯಬೇಕು. ಹರಿದರೆ ಊರಿಗೆ ಒಳಿತು. ತಡವಾದರೆ ಮುಂದಿನ ಸಾಲಿನಲ್ಲಿ ಕೂತ ಮುದುಕಿಯರು ಸಂತನನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ. ಅವರನ್ನು ಸಂತನ ನೆಂಟರೆಂದೇ ಕರೆಯುತ್ತಾರೆ, ಆದ್ದರಿಂದ ಬೈಯುವ ಹಕ್ಕು ಅವರಿಗಿದೆ. ಚಿನ್ನದ ಲೇಪವಿರುವ ಅವನ ಮೂರ್ತಿಯನ್ನು ನೋಡಿ, ಹಳದಿ ಮೋರೆಯವನೇ, ಇನ್ನೂ ಯಾಕೆ ಸತಾಯಿಸುತ್ತೀ ಎಂದು ಗದರುತ್ತಾರೆ. ಹಿಗ್ವಾಯಿನ್ ಬಿಟ್ಟುಹೋದ 2016ರ ಡಿಸೆಂಬರಿನಲ್ಲಿ ರಕ್ತ ಕರಗಲೇ ಇಲ್ಲ. ಮುಂದಿನ ಹಬ್ಬಕ್ಕೂ ಆ ಹೆಂಗಸರು ಅದೇ ಸಾಲಿಗೆ ಬಂದು ಕೂತರು.

ಉಡುಪಿಯಲ್ಲಿ ಬೆಳೆದ ನನಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ. ನಮ್ಮ ದಾಸರು ಕೃಷ್ಣನನ್ನು ಕಳ್ಳ ಎಂದರು, ನಂಬಿಸಿ ಕೈಬಿಟ್ಟವನೆಂದು ಜಗಳಕ್ಕೆ ನಿಂತರು. ನಿಂದಾಸ್ತುತಿಯನ್ನು ಹಾಡುತ್ತ ಮನೆಯ ಹೆಂಗಸರು ಹೂ ಕಟ್ಟುತ್ತಿದ್ದರು, ಅಕ್ಕಿ ಆರಿಸುತ್ತಿದ್ದರು. ಯಾರಿಗೂ ಅದು ಅಪಚಾರ ಅನ್ನಿಸಲಿಲ್ಲ. ಹಾಗಾಗಿ ನೇಪಲ್ಸಿನ ಬೀದಿಯಲ್ಲಿ ಎದ್ದ ಬೈಗುಳವೂ ಇದೇ ಜಾತಿಯದು ಎಂದುಬಿಡಲು ಮನಸ್ಸು ತವಕಿಸುತ್ತದೆ. ಪ್ರೀತಿ ಇಲ್ಲದವನು ಬೈಯುವುದಾದರೂ ಯಾಕೆ? ಯುವೆಂಟಸ್‌ನ ಉಳಿದ ಆಟಗಾರರ ಅಂಗಿಯನ್ನು ಕೊಂಡು ಯಾರೂ ಸುಡಲಿಲ್ಲವಲ್ಲ.

ಆದರೆ ರಥಬೀದಿಯ ಪಕ್ಕದ ನಮ್ಮ ಮನೆಯಲ್ಲಿ ಈ ಮಾತು ಅಷ್ಟು ಸುಲಭಕ್ಕೆ ಬಗೆಹರಿಯುತ್ತಿರಲಿಲ್ಲ. ಚಾತುರ್ಮಾಸ್ಯದ ಸಂಜೆಗಳಲ್ಲಿ ಅಜ್ಜ ಪುರಾಣ ಹೇಳುತ್ತಿದ್ದರು. ಭಾಗವತದ ಏಳನೇ ಸ್ಕಂಧ ಬಂದಾಗೆಲ್ಲ ನನ್ನ ಸೋದರತ್ತೆ ಮತ್ತು ಅವರ ನಡುವೆ ಚರ್ಚೆ ಏಳುತ್ತಿತ್ತು. ಬದುಕಿಡೀ ಕೃಷ್ಣನನ್ನು ಹಳಿದ ಶಿಶುಪಾಲ ಸತ್ತ ಗಳಿಗೆಯಲ್ಲೇ ಅವನಲ್ಲಿ ಸೇರಿದ್ದು ಹೇಗೆ ಎಂದು ಧರ್ಮರಾಯ ಅಲ್ಲಿ ನಾರದನನ್ನು ಕೇಳುತ್ತಾನೆ. ಗೋಪಿಯರು ಮೋಹದಿಂದ, ಕಂಸ ಭಯದಿಂದ, ಶಿಶುಪಾಲ ಹಗೆಯಿಂದ, ಅಂತೂ ಎಲ್ಲರೂ ಅವನಲ್ಲೇ ಮನಸ್ಸಿಟ್ಟು ಅವನನ್ನು ಪಡೆದರು ಎಂಬುದು ನಾರದನ ಉತ್ತರ. ಅತ್ತೆಗೆ ಅಷ್ಟು ಸಾಕು. ಎಚ್ಚರದಲ್ಲಿ, ನಿದ್ದೆಯಲ್ಲಿ ಅವನನ್ನೇ ನೆನೆದನಲ್ಲ, ನಾವು ದಿನಕ್ಕೆ ಎಷ್ಟು ಹೊತ್ತು ನೆನೆಯುತ್ತೇವೆ, ಎಂದು ಕೇಳುತ್ತಿದ್ದರು.

ಅಜ್ಜ ಒಪ್ಪುತ್ತಿರಲಿಲ್ಲ. ದ್ವೇಷದಿಂದ ಮೋಕ್ಷವಿಲ್ಲ ಎಂದು ಮಧ್ವಾಚಾರ್ಯರು ಮಹಾಭಾರತ ತಾತ್ಪರ್ಯ ನಿರ್ಣಯದಲ್ಲಿ ಖಡಾಖಂಡಿತವಾಗಿ ನಿಂತಿದ್ದಾರೆ. ಹಾಗಾದರೆ ಶಿಶುಪಾಲನಿಂದ ಹೊರಟು ಕೃಷ್ಣನಲ್ಲಿ ಸೇರಿದ ಆ ಬೆಳಕು ಯಾರದು? ಶಾಪದಿಂದ ಭೂಮಿಗೆ ಬಿದ್ದ ವೈಕುಂಠದ ದ್ವಾರಪಾಲಕ ಜಯನದು. ಒಂದೇ ದೇಹದಲ್ಲಿ ಇಬ್ಬರು ವಾಸವಿದ್ದರು: ಪ್ರೀತಿ ಬಿಡದ ಜಯ, ಅವನ ಜೊತೆಗೇ ಹೊಕ್ಕಿದ್ದ ಅಸುರ. ಹಳಿದವನು ಅಸುರ, ಸೇರಿದವನು ಜಯ. ದೇಹ ಬಿದ್ದಾಗ ಇಬ್ಬರೂ ತಮ್ಮ ತಮ್ಮ ದಾರಿ ಹಿಡಿದರು. ಹುಡುಗನಾಗಿದ್ದಾಗ ನನಗೆ ಇದು ಕೃಷ್ಣನನ್ನು ಕಾಪಾಡಲು ಹೂಡಿದ ಜಾಣ ವಾದದಂತೆ ಕಂಡಿತ್ತು, ನಾನು ಅತ್ತೆಯ ಪಕ್ಷ. ಅಜ್ಜನ ಮಾತು ಎಷ್ಟು ಆಳದ್ದೆಂದು ತೋರಿಸಿಕೊಟ್ಟವನು ಫಾಬಿಯೊ ಕ್ವಾಲ್ಯಾರೆಲ್ಲಾ.

ಅವನು ನೇಪಲ್ಸ್ ಕೊಲ್ಲಿಯ ದಂಡೆಯ ಕಾಸ್ತೆಲ್ಲಮಾರೆ ದಿ ಸ್ತಾಬಿಯಾ ಊರಿನವನು, ಮುಂಚೂಣಿ ಆಟಗಾರ. 2009ರಲ್ಲಿ ಉದಿನೆಸೆಯಿಂದ ನಾಪೊಲಿಗೆ ಬಂದ. ಹಿಗ್ವಾಯಿನ್ ಮ್ಯಾಡ್ರಿಡ್‌ನಿಂದ ಬಂದವನು, ಅರ್ಜೆಂಟೀನಾದವನು. ಇವನು ಮನೆ ಮಗ. ಒಂದೇ ಋತು ಆಡಿದ, ಲೀಗಿನಲ್ಲಿ 11 ಗೋಲು ಹೊಡೆದ. 2010ರ ಆಗಸ್ಟ್ ಕೊನೆಯಲ್ಲಿ ಯುವೆಂಟಸ್‌ಗೆ ಹೊರಟುಹೋದ. ಉತ್ತರದ ಸಿರಿವಂತ ತೊರಿನೊ ನಗರದ ಆ ಕ್ಲಬ್ಬಿಗೆ ದಕ್ಷಿಣದ ಹುಡುಗನೊಬ್ಬ ಹೋಗುವುದೆಂದರೆ ಉಂಡ ಮನೆಯ ಗಳ ಎಣಿಸಿದ ಹಾಗೆ. ಅವನನ್ನು ದ್ರೋಹಿ ಎಂದರು, ದುಡ್ಡಿಗೆ ಬಿದ್ದವನೆಂದರು, ವರ್ಷಗಟ್ಟಲೆ ಅಂದರು. ತನ್ನ ಊರಿಗೆ ಬರಬೇಕಾದರೆ ಅವನು ತಲೆ ತಗ್ಗಿಸಿಕೊಂಡು ಬರಬೇಕಾಯಿತು. ಯಾಕೆ ಹೋದೆ ಎಂದು ಅವನು ಬಾಯಿ ಬಿಡಲಿಲ್ಲ.

2017ರ ಫೆಬ್ರವರಿಯಲ್ಲಿ ಒಬ್ಬ ಪೊಲೀಸ್ ಅಧಿಕಾರಿಗೆ ಶಿಕ್ಷೆಯಾದಾಗ ಸಂಗತಿ ಹೊರಬಿತ್ತು. ಐದು ವರ್ಷಗಳ ಕಾಲ ಕ್ವಾಲ್ಯಾರೆಲ್ಲಾನಿಗೂ ಅವನ ಕುಟುಂಬಕ್ಕೂ ಅನಾಮಧೇಯ ಪತ್ರಗಳು, ಬೆದರಿಕೆಗಳು ಬರುತ್ತಿದ್ದವು. ಅವನು ಮಕ್ಕಳನ್ನು ಕೆಡಿಸುವವನು, ಮಾದಕ ವಸ್ತುವಿನ ನಂಟಿನವನು, ಕಮೊರ್‍ರಾ ಗೂಂಡಾಗಳ ಸ್ನೇಹಿತ ಎಂಬ ಆರೋಪಗಳು ಅವುಗಳಲ್ಲಿದ್ದವು. ಮನೆಯವರು ದೂರು ಕೊಟ್ಟದ್ದು ಪರಿಚಯದ ಆ ಪೊಲೀಸನಿಗೇ. ಪತ್ರ ಬರೆಯುತ್ತಿದ್ದವನೂ ಅವನೇ. ದೂರುಗಳು ಅವನ ಕೈ ದಾಟಿ ಎಲ್ಲಿಗೂ ಹೋಗಲಿಲ್ಲ. ಅಂಥ ಪತ್ರಗಳು ಕ್ಲಬ್ಬಿಗೂ ತಲುಪಿದ್ದವು, ತನ್ನ ಮಾರಾಟದ ಹಿಂದೆ ಇದ್ದದ್ದು ಅವು, ತನಗೆ ನಾಪೊಲಿ ಬಿಡುವ ಮನಸ್ಸಿರಲಿಲ್ಲ ಎಂದು ಕ್ವಾಲ್ಯಾರೆಲ್ಲಾ ಹೇಳಿದ, ಟೆಲಿವಿಷನ್ ಕ್ಯಾಮೆರಾದ ಎದುರು ಅತ್ತ. ಮೊಕದ್ದಮೆ ನಡೆಯುತ್ತಿದ್ದರಿಂದ ಅಷ್ಟು ವರ್ಷ ಬಾಯಿ ಕಟ್ಟಿತ್ತು.

ಕೆಲವೇ ವಾರಗಳಲ್ಲಿ ಸಾನ್ ಪಾವೊಲೊದ ಕಟ್ಟಾ ಅಭಿಮಾನಿಗಳ ಅಟ್ಟಣೆಯಲ್ಲಿ ಅವನ ಹೆಸರಿನ ದೊಡ್ಡ ಬಟ್ಟೆಯ ಫಲಕ ಬಿಚ್ಚಿಕೊಂಡಿತು. ನೀನು ಉಂಡ ನರಕವನ್ನು ಘನತೆಯಿಂದ ಉಂಡೆ, ಮತ್ತೆ ಅಪ್ಪಿಕೊಳ್ಳೋಣ, ನೀನು ಈ ಊರಿನ ಮಗ ಎಂಬುದು ಅದರ ತಾತ್ಪರ್ಯ. ಅವನು ಆಗ ಸಾಂಪ್ದೋರಿಯಾದ ಆಟಗಾರ. ಮರುವರ್ಷ ಸೆಪ್ಟೆಂಬರಿನಲ್ಲಿ ನಾಪೊಲಿ ವಿರುದ್ಧವೇ ಹಿಮ್ಮಡಿಯಿಂದ ಒಂದು ಬೆರಗಿನ ಗೋಲು ಹೊಡೆದ, ಹೊಡೆದು ಕ್ಷಮೆ ಕೇಳುವಂತೆ ಕೈ ಎತ್ತಿದ. ಆ ಋತುವಿನಲ್ಲಿ, 36ರ ವಯಸ್ಸಿನಲ್ಲಿ, 26 ಗೋಲುಗಳೊಡನೆ ಇಟಲಿಯ ಲೀಗಿಗೇ ಮೊದಲಿಗನಾದ. ನಾಪೊಲಿಯವನಾದ ನನಗೆ ಅದು ನಮ್ಮ ಮನೆಯ ಹಬ್ಬದಂತಿತ್ತು.

ಆ ಫಲಕ ಬರೆದವರು ಯಾರು? ಏಳು ವರ್ಷ ಶಪಿಸಿದವರೇ, ಅದೇ ಅಟ್ಟಣೆಯವರೇ. ಹಗೆ ಪ್ರೀತಿಯದೇ ಇನ್ನೊಂದು ರೂಪವಾಗಿದ್ದರೆ ಆ ಹಗೆಯಿಂದ ಹಿಂದಕ್ಕೆ ಒಂದೊಂದೇ ಮೆಟ್ಟಿಲು ಇಳಿದು ಬರಬೇಕಿತ್ತು. ಅನುಮಾನ, ಮರುಕ, ಮರಳಿ ಮಮತೆ, ಹೀಗೆ. ಹಾಗೇನೂ ಆಗಲಿಲ್ಲ. ಸುದ್ದಿ ತಿಳಿದ ಗಳಿಗೆಯಲ್ಲಿ ಪ್ರೀತಿ ಇಡಿಯಾಗಿ ಎದ್ದು ನಿಂತಿತು, ಎಲ್ಲಿಗೂ ಹೋಗದೆ ಒಳಗೇ ಇದ್ದವರಂತೆ. ಹಗೆಗೆ ಹೇಳಲು ಒಂದು ಮಾತೂ ಉಳಿಯಲಿಲ್ಲ. ಇಬ್ಬರು ವಾಸವಿದ್ದರು ಎಂದ ಅಜ್ಜನ ಮಾತು ನನಗೆ ಅರ್ಥವಾದದ್ದು ಆಗ. ಅಭಿಮಾನಿಯ ಎದೆಯಲ್ಲಿ ಜಯನೂ ಇದ್ದಾನೆ, ಅಸುರನೂ ಇದ್ದಾನೆ. ಕೂಗುವ ಗಂಟಲು ಒಂದೇ ಆದ್ದರಿಂದ ಯಾರ ಕೂಗು ಯಾವುದೆಂದು ಹೊರಗಿನವರಿಗೆ ತಿಳಿಯುವುದಿಲ್ಲ, ಎಷ್ಟೋ ಸಲ ಕೂಗುವವನಿಗೂ ತಿಳಿಯುವುದಿಲ್ಲ. ಅತ್ತೆ ಇದ್ದಿದ್ದರೆ ಈಗಲೂ ನನ್ನೊಂದಿಗೆ ವಾದಿಸುತ್ತಿದ್ದರು, ಗೆದ್ದರೂ ಗೆಲ್ಲುತ್ತಿದ್ದರು. ಆದರೂ ನಾನು ಅಜ್ಜನ ಪಕ್ಷಕ್ಕೆ ಬಂದಿದ್ದೇನೆ.

ಬಂದ ಮೇಲೆ ಆ ಎರಡು ಕೂಗುಗಳನ್ನು ಬೇರ್ಪಡಿಸುವ ಒಂದು ಗುರುತು ಕಾಣುತ್ತಿದೆ. ಆ ಮುದುಕಿಯರೂ ನಮ್ಮ ದಾಸರೂ ಬೈಯುವುದು ಎದುರಿಗೆ ನಿಂತು. ನೀನು ಯಾಕೆ ಹೀಗೆ ಮಾಡಿದೆ ಎಂದು ಕೇಳುತ್ತಾರೆ, ಉತ್ತರಕ್ಕೆ ಜಾಗ ಬಿಡುತ್ತಾರೆ. ಶಾಪ ಹಾಕುವವನಿಗೆ ಉತ್ತರ ಬೇಕಿಲ್ಲ. ಹೋದವನ ಮನಸ್ಸಿನೊಳಗೆ ಏನಿತ್ತೆಂದು ಅವನು ಆಗಲೇ ತೀರ್ಮಾನಿಸಿಬಿಟ್ಟಿದ್ದಾನೆ. ಕ್ವಾಲ್ಯಾರೆಲ್ಲಾನ ವಿಷಯದಲ್ಲಿ ಆ ತೀರ್ಮಾನ ಏಳು ವರ್ಷ ಒಬ್ಬ ಮನುಷ್ಯನ ಮೇಲೆ ಬಂಡೆಯಂತೆ ಕೂತಿತ್ತು.

ಹೋಗುವವನ ಋಣದ ಮಾತನ್ನೂ ಆಡಬೇಕು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಕುವರ ಲಕ್ಷ್ಮನ ಸ್ತಂಭವಿದೆ. ದೊರೆ ಎರಡನೇ ವೀರಬಲ್ಲಾಳ ತೀರಿಕೊಂಡಾಗ, ದೊರೆಯೊಡನೆ ತಾನೂ ಸಾಯುವೆನೆಂಬ ವೇಳೆವಾಳಿಯ ಮಾತಿಗೆ ಕಟ್ಟುಬಿದ್ದ ಆ ದಂಡನಾಯಕನೂ ಅವನ ಮಡದಿಯೂ ಅದೇ ಮಾತು ಕೊಟ್ಟ ಗರುಡರೆಂಬ ಸಂಗಡಿಗ ವೀರರೂ ಪ್ರಾಣ ಬಿಟ್ಟರು. ತಮ್ಮ ತಲೆ ತಾವೇ ಕತ್ತರಿಸಿಕೊಳ್ಳುವ ವೀರರನ್ನು ಅಲ್ಲಿ ಕೆತ್ತಿದ್ದಾರೆ. ಕೃಷ್ಣ ರಾಜ್ಯವನ್ನೇ ಕೊಡುತ್ತೇನೆಂದರೂ ಕೌರವನ ಪಕ್ಕ ಬಿಡದ ಕರ್ಣನಿಗೆ ಕನ್ನಡದ ಎದೆ ಇಂದಿಗೂ ಕರಗುತ್ತದೆ. ಅಂಥ ನಿಷ್ಠೆಯನ್ನು ಕಂಡರೆ ನನಗೂ ಮೈ ಜುಮ್ಮೆನ್ನುತ್ತದೆ. ಆದರೆ ಅದನ್ನು ಆಟಗಾರನಿಂದ ಕೇಳಲು ನಮಗೆ ಹಕ್ಕಿಲ್ಲ. ಲಕ್ಷ್ಮನನ್ನು ಬಲ್ಲಾಳ ಮಾರುತ್ತಿರಲಿಲ್ಲ, ಕ್ಲಬ್ಬು ಮಾರುತ್ತದೆ. 2013ರಲ್ಲಿ ಎದಿನ್ಸನ್ ಕವಾನಿಯನ್ನು ಪ್ಯಾರಿಸಿಗೆ ಮಾರಿ ಬಂದ ಹಣದಲ್ಲೇ ನಾಪೊಲಿ ಹಿಗ್ವಾಯಿನ್‌ನನ್ನು ಕೊಂಡಿತ್ತು. ಹಿಗ್ವಾಯಿನ್‌ನ ಕರಾರಿನಲ್ಲೇ ಇಂತಿಷ್ಟು ಕೊಟ್ಟರೆ ಬಿಡುಗಡೆ ಎಂದು ಬರೆದಿತ್ತು.

ಇಷ್ಟಾದರೂ ಹಿಗ್ವಾಯಿನ್ ತೀರಿಸಬೇಕಾದ ಒಂದು ಬಾಕಿಯಿತ್ತು ಎಂದೇ ನಾನು ನಂಬಿದ್ದೇನೆ. ಎದುರಿಗೆ ಬಂದು ಹೇಳಿ ಹೋಗಬೇಕಿತ್ತು. ಮೂರು ವರ್ಷ ಹೆಗಲ ಮೇಲೆ ಹೊತ್ತ ಊರಿಗೆ ಬೈಯುವ ಅವಕಾಶವನ್ನಾದರೂ ಕೊಡಬೇಕಿತ್ತು. ಬೆಲ್ಜಿಯಂನ ದ್ರೀಸ್ ಮೆರ್ಟೆನ್ಸ್ ಅದನ್ನು ಬಲ್ಲವನು. ಹಿಗ್ವಾಯಿನ್ ಬಿಟ್ಟ ಜಾಗಕ್ಕೆ ನಿಂತು 148 ಗೋಲುಗಳವರೆಗೆ ಹೋಗಿ ಕ್ಲಬ್ಬಿನ ಇತಿಹಾಸದಲ್ಲೇ ಮೊದಲಿಗನಾದ, ಮಗನಿಗೆ ಚೀರೊ ಎಂದು ಅಪ್ಪಟ ನೇಪಲ್ಸಿನ ಹೆಸರಿಟ್ಟ. 2022ರಲ್ಲಿ ಅವನು ಹೋದಾಗ ಜನ ಕಣ್ಣೊರೆಸಿಕೊಂಡು ಕಳಿಸಿದರು. ಕ್ವಾಲ್ಯಾರೆಲ್ಲಾನ ಬಾಯಿಯನ್ನು ಮೊಕದ್ದಮೆ ಕಟ್ಟಿತ್ತು. ಹಿಗ್ವಾಯಿನ್‌ನ ಬಾಯಿಯನ್ನು ಯಾರೂ ಕಟ್ಟಿರಲಿಲ್ಲ.

ಅವನು ಸಾನ್ ಪಾವೊಲೊಗೆ ಮರಳಿದ್ದು 2017ರ ಏಪ್ರಿಲ್ 2ರಂದು, ಎದುರಾಳಿಯಾಗಿ. ಚೆಂಡು ಕಾಲಿಗೆ ತಾಗಿದಾಗಲೆಲ್ಲ ಸಿಳ್ಳೆ. ಆ ಪಂದ್ಯ 1-1. ಮೂರು ದಿನಗಳ ನಂತರ ಕೊಪ್ಪಾ ಇಟಾಲಿಯಾ ಸೆಮಿಫೈನಲ್‌ಗೆ ಮತ್ತೆ ಬಂದ, ಮತ್ತೆ ಸಿಳ್ಳೆ. ಅಂದು ನಾಪೊಲಿ 3-2ರಿಂದ ಗೆದ್ದಿತು, ಆದರೆ ಯುವೆಂಟಸ್‌ನ ಎರಡೂ ಗೋಲು ಅವನವೇ. ಗೋಲು ಹೊಡೆದವನು ಗಣ್ಯರ ಸಾಲಿನಲ್ಲಿದ್ದ ನಾಪೊಲಿ ಅಧ್ಯಕ್ಷ ಅವ್ರೇಲಿಯೊ ದೆ ಲಾವ್ರೆಂಟಿಸ್ ಕಡೆಗೆ ಬೆರಳು ತೋರಿಸಿದ. ಆ ಅಧ್ಯಕ್ಷನ ಕಾರಣದಿಂದಲೇ ಬಿಟ್ಟೆ ಎಂದು ಮುಂದೆ ಬಾಯಿಬಿಟ್ಟು ಹೇಳಿದ ಕೂಡ. ಉತ್ತರ ಸರಿಯೋ ತಪ್ಪೋ, ಊರು ಮುಖಾಮುಖಿ ನಿಂತು ಕೇಳಿತು, ಅವನು ಮುಖಾಮುಖಿ ನಿಂತು ಹೇಳಿದ. ಹಿಂದಿನ ವರ್ಷದ ಬೇಸಗೆಯಲ್ಲೇ ನಡೆಯಬೇಕಿದ್ದ ಮಾತು ಅದು. ತಡವಾಗಿಯಾದರೂ ನಡೆಯಿತಲ್ಲ ಎಂದು ನನಗೆ ಸಮಾಧಾನವಾಯಿತು, ನಮ್ಮವರ ಸಿಳ್ಳೆಯ ಬಗ್ಗೆ ಹೆಮ್ಮೆಯೂ ಆಯಿತು.