ಸೋಸುವವರು ಯಾರು?

ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ಬಹಳಷ್ಟು ಮನೆಗಳಲ್ಲಿ ಒಬ್ಬರ ತಲೆಯೊಳಗೆ ಮಾತ್ರ ಒಂದು ಪ್ರಶ್ನೆ ಎದ್ದು ಕೂರುತ್ತದೆ: ಇವತ್ತು ತಿಂಡಿಗೇನು, ಸಾರಿಗೇನು? ಉಳಿದವರು ಇನ್ನೂ ಹೊದ್ದು ಮಲಗಿರುವಾಗಲೇ ಅವರು ಮನಸ್ಸಿನಲ್ಲಿ ಡಬ್ಬಗಳ ಮುಚ್ಚಳ ತೆಗೆದು ನೋಡಿಯಾಗಿರುತ್ತದೆ. ಬೇಳೆ ತಳ ಕಂಡಿದೆ. ತರಕಾರಿ ಬುಟ್ಟಿಯಲ್ಲಿ ಎರಡು ಬದನೆಕಾಯಿ ಉಳಿದಿದೆ. ಮಗುವಿನ ಡಬ್ಬಿಗೆ ನಿನ್ನೆಯದನ್ನೇ ಹಾಕಿದರೆ ಅದು ಹಾಗೇ ವಾಪಸ್ ಬರುತ್ತದೆ. ಆರೋಗ್ಯದ ಬಗ್ಗೆ ಯೋಚಿಸುವುದಾದರೆ ಇಲ್ಲಿಂದಲೇ ಶುರು ಮಾಡಬೇಕು ಅನ್ನಿಸುತ್ತದೆ. ವ್ಯಾಯಾಮ, ಧ್ಯಾನ, ರಕ್ತಪರೀಕ್ಷೆಯ ಮಾತು ಆಮೇಲೆ.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಆಹಾರದ ಮಾರ್ಗಸೂಚಿ ಹೊರಡಿಸಿತು. ದಿನಕ್ಕೆ 2,000 ಕ್ಯಾಲರಿ ಬೇಕಾದ ಒಬ್ಬರ ತಟ್ಟೆ ಹೇಗಿರಬೇಕು ಎಂಬ ಲೆಕ್ಕ ಅದರಲ್ಲಿದೆ: 250 ಗ್ರಾಂ ಧಾನ್ಯ, 400 ಗ್ರಾಂ ಸೊಪ್ಪು-ತರಕಾರಿ, 100 ಗ್ರಾಂ ಹಣ್ಣು, 85 ಗ್ರಾಂ ಬೇಳೆಕಾಳು ಅಥವಾ ಮೊಟ್ಟೆ-ಮಾಂಸ, 300 ಮಿ.ಲೀ. ಹಾಲು-ಮೊಸರು, ಜೊತೆಗೆ ಒಂದಿಷ್ಟು ಎಣ್ಣೆ, ಕಡಲೆಬೀಜದಂಥವು. ಒಳ್ಳೆಯ ಲೆಕ್ಕವೇ. ಆದರೆ ಇದನ್ನು ನಾಲ್ಕು ಜನರ ಮನೆಗೆ ಹರಡಿ ನೋಡಿ. ದಿನಕ್ಕೆ ಒಂದೂವರೆ ಕೆ.ಜಿ.ಗೂ ಮಿಕ್ಕಿ ಸೊಪ್ಪು-ತರಕಾರಿ, 340 ಗ್ರಾಂ ಬೇಳೆಕಾಳು, ಒಂದು ಲೀಟರಿಗೂ ಹೆಚ್ಚು ಹಾಲು. ಹಾಲೊಂದಕ್ಕೇ ದಿನಕ್ಕೆ ಐವತ್ತು ರೂಪಾಯಿ ದಾಟುತ್ತದೆ. ದಿನಗೂಲಿಯ ಮನೆಯಲ್ಲಿ ಈ ಪಟ್ಟಿ ಓದುವವರಿಗೆ ಏನನ್ನಿಸಬಹುದು?

ಹಾಗೆಂದು ಚೆನ್ನಾಗಿ ಉಣ್ಣುವುದು ಸಿರಿವಂತರಿಗೆ ಮಾತ್ರ ಎಂದು ಕೈಚೆಲ್ಲುವಂತಿಲ್ಲ. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ನಮ್ಮ ಕರ್ನಾಟಕದಲ್ಲೇ. ನೂರು ಗ್ರಾಂ ರಾಗಿಯಲ್ಲಿ 340ರಿಂದ 360 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇರುವುದು ಹತ್ತರ ಆಸುಪಾಸು. 2024-25ರಲ್ಲಿ ಕೇಂದ್ರ ಸರ್ಕಾರ ರಾಗಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 4,290 ರೂಪಾಯಿ, ಅಂದರೆ ಕೆ.ಜಿ.ಗೆ ನಲವತ್ತಮೂರರೊಳಗೆ. ಬಯಲುಸೀಮೆಯ ಅಡುಗೆಯಲ್ಲಂತೂ ಬಡತನದಲ್ಲೂ ಮೈಗೆ ಹತ್ತುವಂತೆ ಉಣ್ಣುವ ಜಾಣ್ಮೆ ಹೊಸದಾಗಿ ಕಲಿಯಬೇಕಾದ್ದೇನೂ ಅಲ್ಲ. ಬಸ್ಸಾರನ್ನೇ ನೋಡಿ. ಹೆಸರುಕಾಳನ್ನೋ ಅಲಸಂದೆಯನ್ನೋ ಸೊಪ್ಪಿನ ಜೊತೆ ಬೇಯಿಸಿ, ಬಸಿದು, ಸೊಪ್ಪು-ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯವಾಯಿತು. ಬಸಿದ ಕಟ್ಟಿಗೆ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ ಅರೆದು ಹಾಕಿದರೆ ಸಾರಾಯಿತು. ಸೊಪ್ಪಿನಲ್ಲಿರುವ ಫೋಲೇಟ್‌ನಂಥ ಜೀವಸತ್ವಗಳು ನೀರಿನಲ್ಲಿ ಕರಗುವಂಥವು. ಬೇರೆ ಕೆಲವು ಅಡುಗೆಯಲ್ಲಿ ಆ ನೀರು ಚರಂಡಿ ಸೇರುತ್ತದೆ, ಬಸ್ಸಾರಿನಲ್ಲಿ ಮುದ್ದೆಯ ಪಕ್ಕಕ್ಕೆ ಬರುತ್ತದೆ. ಊಟದ ಮೇಲೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿಕೊಂಡರೆ ಸೊಪ್ಪಿನ ಕಬ್ಬಿಣಾಂಶ ಮೈಗೆ ಹೆಚ್ಚು ದಕ್ಕುತ್ತದೆ. ಉಂಡ ಕೈಯಾರುವ ಮೊದಲೇ ಟೀ ಕುಡಿದರೆ ಆ ಕಬ್ಬಿಣಾಂಶದ ಒಂದು ಪಾಲು ಕೈಬಿಟ್ಟು ಹೋಗುತ್ತದೆ. ಟೀ ಒಂದು ಗಂಟೆ ತಡವಾಗಲಿ. ಇದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.

ದುಡ್ಡಿನ ಕಷ್ಟ ಸುಳ್ಳಲ್ಲ. 2015ರಲ್ಲಿ ತೊಗರಿಬೇಳೆ ಕೆ.ಜಿ.ಗೆ ಇನ್ನೂರು ರೂಪಾಯಿ ಮುಟ್ಟಿದಾಗ ಎಷ್ಟೋ ಮನೆಗಳಲ್ಲಿ ಸಾರು ತೆಳುವಾದದ್ದು ನೆನಪಿರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಂತೆ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 48 ಮಂದಿಗೆ ರಕ್ತಹೀನತೆಯಿದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಅದು ನೂರಕ್ಕೆ 65. ರಾಗಿ, ಸೊಪ್ಪು, ಕಾಳು ಇಷ್ಟು ಹತ್ತಿರದಲ್ಲಿದ್ದೂ ಹೀಗೇಕೆ ಎಂಬುದು ನನ್ನನ್ನು ಬಹಳ ದಿನದಿಂದ ಕಾಡಿದ ಪ್ರಶ್ನೆ. ಉತ್ತರದ ಒಂದು ತುಣುಕು ಸಿಕ್ಕಿದ್ದು ಸೊಪ್ಪಿನ ಗಾಡಿಯ ಹತ್ತಿರ.

ನಮ್ಮ ಬೀದಿಯಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಗಳೊಬ್ಬರು ಸಂಜೆ ಮನೆಗೆ ಬರುವ ದಾರಿಯಲ್ಲಿ ಗಾಡಿ ಮುಂದೆ ನಿಂತಿದ್ದರು. ಸೊಪ್ಪಿನ ಅಜ್ಜಿ ಬೆರಕೆ ಸೊಪ್ಪಿನ ಕಟ್ಟು ಎತ್ತಿ ತೋರಿಸಿದರು. ಅಣ್ಣೆ ಸೊಪ್ಪು, ಹೊನಗೊನೆ, ಗೋಣಿ ಸೊಪ್ಪು, ಎಳೆ ದಂಟು ಎಲ್ಲ ಸೇರಿದ ಕಟ್ಟು. ಬೆಲೆಯೂ ಹೆಚ್ಚಿರಲಿಲ್ಲ. ಆಕೆ ಒಮ್ಮೆ ಕೈಯಲ್ಲಿ ಹಿಡಿದು ನೋಡಿ ವಾಪಸ್ ಇಟ್ಟರು. "ತಗೊಂಡ್ರೆ ಸೋಸೋರ್ ಯಾರು ಅಜ್ಜಿ?" ಅಂದರು. ಅರ್ಧ ಕೆ.ಜಿ. ಆಲೂಗಡ್ಡೆ ತೂಗಿಸಿಕೊಂಡು ಹೊರಟರು.

ಸೊಪ್ಪು ಸೋಸಿದವರಿಗೆ ಆ ಮಾತಿನ ತೂಕ ಗೊತ್ತಾಗುತ್ತದೆ. ಕಟ್ಟು ಬಿಚ್ಚಿ ಪೇಪರ್ ಮೇಲೆ ಹರಡಬೇಕು. ಬೆರಕೆ ಸೊಪ್ಪಿನೊಳಗೆ ಹುಲ್ಲಿನ ಎಳೆ, ಹಳದಿ ಎಲೆ, ಬೇರಿಗಂಟಿದ ಮಣ್ಣು, ಕೆಲವೊಮ್ಮೆ ಬಸವನಹುಳುವಿನ ಮರಿ. ಒಂದೊಂದೇ ಎಲೆ ತಿರುಗಿಸಿ ನೋಡಬೇಕು, ಹಿಂಬದಿಯಲ್ಲಿ ಮೊಟ್ಟೆಯಿದ್ದರೆ ಕಿತ್ತೆಸೆಯಬೇಕು. ದಂಟು ಎಳೆಯದೋ ಬಲಿತದ್ದೋ ಎಂಬುದು ಕಣ್ಣಿಗಿಂತ ಉಗುರಿಗೆ ಗೊತ್ತಾಗುತ್ತದೆ. ಮುರಿದಾಗ ನಾರು ಬಂದರೆ ಅದು ಬೇಡ. ಆಮೇಲೆ ಅಗಲ ಬಾಯಿಯ ಪಾತ್ರೆಯಲ್ಲಿ ನೀರು ತುಂಬಿ ಸೊಪ್ಪು ಅದ್ದಿ, ಮೇಲಿನಿಂದ ಎತ್ತಿಕೊಂಡು, ತಳದ ಮರಳು ಚೆಲ್ಲಿ, ಮತ್ತೆ ನೀರು ತುಂಬಬೇಕು. ನೀರು ತಿಳಿಯಾಗುವವರೆಗೂ ಇದು ನಡೆಯಬೇಕು, ಇಲ್ಲದಿದ್ದರೆ ಊಟಕ್ಕೆ ಕೂತಾಗ ಹಲ್ಲಿಗೆ ಮರಳು. ಹತ್ತು ಗಂಟೆಗಳ ಕಾಲ ಹೊರಗಿದ್ದು, ಟಾರ್ಗೆಟ್ ಮುಗಿಸಿ, ಕಾಲು ಬಾತಿರುವ ಹೊತ್ತಿನಲ್ಲಿ ಒಂದು ಕಟ್ಟು ಸೊಪ್ಪು ಮನೆಗೆ ತರುವುದೆಂದರೆ ಮುಕ್ಕಾಲು ಗಂಟೆ ಕೆಲಸ ಮನೆಗೆ ತಂದಂತೆ. ಆಲೂಗಡ್ಡೆಯಾದರೆ ಸಿಪ್ಪೆ ತೆಗೆದರೆ ಮುಗಿಯಿತು.

ಹಾಗಾಗಿ ಸೊಪ್ಪಿನ ಬೆಲೆ ಗಾಡಿಯ ಮುಂದೆ ಕೊಟ್ಟ ಚಿಲ್ಲರೆಗೆ ಮುಗಿಯುವುದಿಲ್ಲ. ಅದರ ದೊಡ್ಡ ಪಾಲನ್ನು ಮನೆಯಲ್ಲಿ ಯಾರೋ ಒಬ್ಬರು ತಮ್ಮ ಹೊತ್ತಿನಲ್ಲಿ, ತಮ್ಮ ಬೆನ್ನಿನಲ್ಲಿ ತೆರುತ್ತಾರೆ. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಿದ್ದರು. ಗಂಡಸರಲ್ಲಿ ಆ ಕೆಲಸ ಮಾಡುವವರೇ ಕಡಿಮೆ, ಮಾಡುವವರೂ ಕೊಡುತ್ತಿದ್ದದ್ದು 97 ನಿಮಿಷ. ಈ ಶ್ರಮಕ್ಕೆ ಬೆಲೆಯಿದೆ ಎಂಬುದು ಬೀದಿಗೆ ಬಂದರೆ ಥಟ್ಟನೆ ಕಾಣುತ್ತದೆ. ಅವರೆಕಾಯಿಯ ಕಾಲದಲ್ಲಿ ಬೆಂಗಳೂರಿನ ಮಾರುಕಟ್ಟೆಗಳ ಪಕ್ಕ ಹೆಂಗಸರು ಸಾಲಾಗಿ ಕೂತು ಕಾಳು ಹಿತಕುತ್ತಿರುತ್ತಾರೆ. ಸಿಪ್ಪೆಯೊಳಗಿನ ಅವರೆಗೂ ಹಿತಕಿದ ಬೇಳೆಗೂ ನಡುವೆ ಇರುವ ಬೆಲೆಯ ಅಂತರದಲ್ಲಿ ಒಂದು ಪಾಲು ಆ ಬೆರಳುಗಳ ಕೂಲಿ. ಅದೇ ಕೆಲಸ ಮನೆಯೊಳಗೆ ನಡೆದರೆ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಹೊತ್ತು ಯಾರ ಕೈಯಲ್ಲಿದೆ ಎಂಬಲ್ಲಿಗೇ ಮನಸ್ಸಿನ ಒತ್ತಡದ ಮಾತೂ ಬಂದು ಸೇರುತ್ತದೆ. 1967ರಲ್ಲಿ ಲಂಡನ್ನಿನ ಸರ್ಕಾರಿ ಕಚೇರಿಗಳ ಗಂಡು ನೌಕರರನ್ನು ಹಿಡಿದು ವೈಟ್‌ಹಾಲ್ ಅಧ್ಯಯನ ಶುರುವಾಯಿತು. ದೊಡ್ಡ ಜವಾಬ್ದಾರಿ ಹೊತ್ತ ಮೇಲಧಿಕಾರಿಗಳಿಗೇ ಹೃದಯದ ಕಾಯಿಲೆ ಹೆಚ್ಚು ಎಂಬುದು ಆಗಿನ ನಂಬಿಕೆ. ಕಂಡದ್ದು ಅದಕ್ಕೆ ತಿರುವುಮುರುವು. ಹೃದಯದ ಕಾಯಿಲೆಯಿಂದ ಸಾಯುವ ಪ್ರಮಾಣ ಅತಿ ಮೇಲಿನ ದರ್ಜೆಯವರಿಗಿಂತ ಅತಿ ಕೆಳಗಿನ ದರ್ಜೆಯವರಲ್ಲಿ ಸುಮಾರು ಮೂರು ಪಟ್ಟು ಹೆಚ್ಚಿತ್ತು. ಸಿಗರೇಟು, ರಕ್ತದೊತ್ತಡ ಎಲ್ಲ ಲೆಕ್ಕ ಹಾಕಿದರೂ ಆ ವ್ಯತ್ಯಾಸ ಪೂರ್ತಿ ಕರಗಲಿಲ್ಲ. 1985ರಲ್ಲಿ ಮೈಕೆಲ್ ಮಾರ್ಮೊಟ್ ಅವರ ನೇತೃತ್ವದಲ್ಲಿ ಹೆಂಗಸರನ್ನೂ ಸೇರಿಸಿಕೊಂಡು ಎರಡನೆಯ ಸುತ್ತು ಆರಂಭವಾಯಿತು. ತಮ್ಮ ಕೆಲಸವನ್ನು ಯಾವಾಗ, ಹೇಗೆ ಮಾಡಬೇಕೆಂಬುದರಲ್ಲಿ ತಮ್ಮ ಮಾತೇ ನಡೆಯದವರ ಹೃದಯ ಹೆಚ್ಚು ಬಳಲುತ್ತದೆ ಎಂದು ಅದು ತೋರಿಸಿತು.

ಹೊಲಿಗೆ ಲೈನಿನಲ್ಲಿ ಕೂತವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಗಂಟೆಗಿಷ್ಟು ಪೀಸ್ ಎಂದು ಬೋರ್ಡಿನಲ್ಲಿ ಬರೆದಿರುತ್ತದೆ. ನೀರು ಹೆಚ್ಚು ಕುಡಿದರೆ ಎದ್ದು ಹೋಗಬೇಕಾಗುತ್ತದೆಂದು ನೀರನ್ನೇ ಕಡಿಮೆ ಮಾಡುವವರಿದ್ದಾರೆ. ಊಟದ ಬಿಡುವಿನಲ್ಲಿ ಕೈತೊಳೆಯುವ ಸಾಲು ಕಳೆದು ಉಳಿಯುವುದು ಕೆಲವೇ ನಿಮಿಷ. ಹೊಟ್ಟೆ ತುಂಬಿತೆಂಬ ಸುದ್ದಿ ತಲೆಗೆ ಮುಟ್ಟಲು ಸುಮಾರು 20 ನಿಮಿಷ ಬೇಕು, ಅಷ್ಟರೊಳಗೆ ಡಬ್ಬಿ ಖಾಲಿಯಾಗಿ ಮಷೀನ್ ಮುಂದೆ ಕೂತಾಗಿರುತ್ತದೆ. ಆತಂಕದಲ್ಲಿರುವ ದೇಹ ಓಟಕ್ಕೆ ಸಿದ್ಧವಾಗುತ್ತದೆ: ಎದೆಬಡಿತ ಏರುತ್ತದೆ, ರಕ್ತಕ್ಕೆ ಸಕ್ಕರೆ ಸೇರುತ್ತದೆ, ಜೀರ್ಣದ ಕೆಲಸ ಹಿಂದೆ ಸರಿಯುತ್ತದೆ. ನಾಯಿ ಅಟ್ಟಿಸಿಕೊಂಡು ಬಂದಾಗ ಇದು ಜೀವ ಉಳಿಸುತ್ತದೆ. ದಿನವಿಡೀ ಹೀಗೇ ಇದ್ದರೆ ಬಿಪಿ, ಶುಗರ್, ನಿದ್ದೆಗೇಡು ಒಂದರ ಹಿಂದೊಂದು ಬರಬಹುದು. ನಿದ್ದೆ ಕಡಿಮೆಯಾದವರಿಗೆ ಮರುದಿನ ಹಸಿವು ಹೆಚ್ಚು, ಅದೂ ಸಿಹಿ ಮತ್ತು ಕರಿದ ತಿಂಡಿಯ ಕಡೆಗೆ. ಬಾಯಿ ಚಪಲ ಎಂದು ಅವರನ್ನು ಬೈಯುವುದು ಅನ್ಯಾಯ.

ಇಂಥವರಿಗೆ "ಟೆನ್ಷನ್ ಮಾಡ್ಕೋಬೇಡಿ" ಅಂದರೆ ಏನು ಪ್ರಯೋಜನ? ಬೆಳಗ್ಗೆ ಹತ್ತು ನಿಮಿಷ ಕಣ್ಣು ಮುಚ್ಚಿ ಕೂತರೆ ಒಳ್ಳೆಯದೇ, ನನಗೂ ಅದರಲ್ಲಿ ನಂಬಿಕೆಯಿದೆ. ಆದರೆ ಆ ಹತ್ತು ನಿಮಿಷವನ್ನು ಅವರಿಗೆ ಬಿಡಿಸಿಕೊಡಬೇಕಾದವರು ನಾವು. ಮನೆಯಲ್ಲಿ ಟಿವಿ ನೋಡುವ ಕೈಗಳ ಮುಂದೆ ಸೊಪ್ಪಿನ ಕಟ್ಟು ಬರಲಿ. ಗಂಡನಿಗೆ, ಹೈಸ್ಕೂಲಿನ ಮಗನಿಗೆ ಮೆಂತ್ಯ ಸೊಪ್ಪು ಬಿಡಿಸಲು ಯಾವ ತರಬೇತಿಯೂ ಬೇಡ. ಮಲಗುವ ಮೊದಲು ಒಂದು ಹಿಡಿ ಹುರುಳಿ ನೆನೆಹಾಕುವುದು ಮಗಳ ಕೆಲಸವೇ ಆಗಬೇಕಿಲ್ಲ. "ನಾಳೆ ಸಾರಿಗೇನು" ಎಂಬುದನ್ನು ವಾರದಲ್ಲಿ ಕೆಲವು ದಿನ ಮತ್ತೊಬ್ಬರು ಯೋಚಿಸಿ, ಬೇಕಾದ್ದನ್ನು ತಂದು, ಮಾಡಿಯೂ ಇಟ್ಟರೆ, ಬೆಳಗ್ಗೆ ಏಳುವಾಗ ಆ ತಲೆಯಲ್ಲೊಂದಿಷ್ಟು ಜಾಗ ಖಾಲಿಯಿರುತ್ತದೆ.

ಮನೆಯ ಹೊರಗೂ ಇದೇ ಕೆಲಸ ನಡೆಯಬೇಕು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನ ನೆರವಿನಿಂದ ರಾಜ್ಯದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ವಾರಕ್ಕೆ ಆರು ದಿನ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು ಸಿಗುತ್ತಿದೆ. ಆ ಮೊಟ್ಟೆ ಬೇಯಿಸಿ ಸುಲಿಯುವ ಕೆಲಸ ಮನೆಯವರ ಮೇಲೆ ಬೀಳಲಿಲ್ಲ ಎಂಬುದೂ ನನಗೆ ಅಷ್ಟೇ ಮುಖ್ಯವಾಗಿ ಕಾಣುತ್ತದೆ. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಶುರುವಾದ ಇಂದಿರಾ ಕ್ಯಾಂಟೀನ್ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಕೊಟ್ಟು ಹೊತ್ತನ್ನೂ ಉಳಿಸಿತು. ಅಂಥ ಊಟದಲ್ಲಿ ಅನ್ನದ ಪಾಲು ಸ್ವಲ್ಪ ತಗ್ಗಿ ಸೊಪ್ಪು-ಕಾಳಿನ ಪಾಲು ಹೆಚ್ಚಲಿ. ಪಡಿತರದಲ್ಲಿ ಅಕ್ಕಿಯ ಜೊತೆ ಕಾಳು ತಿಂಗಳು ತಪ್ಪದೆ ಬರಲಿ. ಕಾರ್ಖಾನೆಯ ಊಟದ ಬಿಡುವು, ಕೈತೊಳೆಯುವ ಹೊತ್ತು ಬಿಟ್ಟು, ಕೂತು ಉಣ್ಣಲು ಪೂರ್ತಿ ಅರ್ಧ ಗಂಟೆ ಇರಲಿ. ಕೆಲಸ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಸ್ತ್ರೀಶಕ್ತಿ ಸಂಘದವರು ಸೋಸಿದ ಸೊಪ್ಪು, ಮೊಳಕೆ ಕಾಳು ಮಾರುವಂತಾದರೆ, ಸೋಸಿದವರಿಗೂ ಕೂಲಿ ಹುಟ್ಟುತ್ತದೆ.